ವಾಹನದ ಸಂಜ್ಞಾದೀಪಗಳೂ ಎಲ್.ಇ.ಡಿ. ಬಲ್ಬುಗಳೂ

ರಸ್ತೆಯ ತಿರುವಿನಲ್ಲಿ ಬಲಕ್ಕೋ ಎಡಕ್ಕೋ ಹೊರಳಲು ಸಿದ್ಧವಾಗಿ ನಿಂತಿರುವ ವಾಹನಗಳ ಸಂಜ್ಞಾದೀಪಗಳನ್ನು ಲಕ್ಷ್ಯವಿಟ್ಟು ನೋಡಿದವರಿಗೆ ಒಂದು ವ್ಯತ್ಯಾಸವು ಗೋಚರವಾಗದಿರದು. ಕೆಲವು ವಾಹನಗಳ ದೀಪವು ಮೆಲ್ಲನೆ ಬೆಳಗಿ ಮೆಲ್ಲನೆ ಆರುತ್ತದೆ. ಮತ್ತೆ ಕೆಲವುಗಳ ದೀಪವು ಒಮ್ಮೆಗೇ ಹೊತ್ತಿ ಒಮ್ಮೆಗೇ ಆರುತ್ತದೆ. ಮೊದಲನೆಯದು ಟಂಗ್‌ಸ್ಟನ್ ತಂತುವಿನ ಹಳೆಯ ಬಲ್ಬು, ಎರಡನೆಯದು ಎಲ್.ಇ.ಡಿ., ಎಂದರೆ ಬೆಳಕು ಸೂಸುವ ಡಯೋಡು. ಇವೆರಡೂ ಅಲ್ಲದ ಮೂರನೆಯ ಗುಂಪೊಂದು ಉಂಟು. ಅದರ ದೀಪವು ಜ್ವರ ಬಂದವನ ನಾಡಿಯಂತೆ ಅತಿವೇಗವಾಗಿ ಬಡಿದುಕೊಳ್ಳುತ್ತದೆ. ಹಳೆಯ ಬಲ್ಬನ್ನು ಕಿತ್ತು, ಅದೇ ಹೋಲ್ಡರಿನಲ್ಲಿ ಎಲ್.ಇ.ಡಿ. ಬಲ್ಬನ್ನು ಸಿಕ್ಕಿಸಿದ ವಾಹನಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ನೋಟ.

ನಮ್ಮ ವಾಚಕರಲ್ಲಿ ಅನೇಕರು ವಿದ್ಯಾರ್ಥಿಗಳು. ಮನೆಯ ಮೋಟಾರ್ ಸೈಕಲ್ಲನ್ನೋ ಸ್ಕೂಟರನ್ನೋ ತಾವೇ ಬಿಚ್ಚಿ ಸರಿಪಡಿಸುವ ಉತ್ಸಾಹವು ಅವರಲ್ಲಿ ಹಲವರಿಗೆ ಇರುವುದು ಸಹಜ. ದೀಪವನ್ನು ಬದಲಾಯಿಸುವುದು ಅಂಥ ಕೆಲಸಗಳಲ್ಲೆಲ್ಲ ಸುಲಭವಾದುದೆಂದು ತೋರುತ್ತದೆ. ಹಳೆಯ ಬಲ್ಬನ್ನು ಒತ್ತಿ ತಿರುಗಿಸಿ ತೆಗೆಯುವುದು, ಹೊಸದನ್ನು ಒತ್ತಿ ತಿರುಗಿಸಿ ಕೂರಿಸುವುದು, ಇಷ್ಟೇ ಅಲ್ಲವೆ? ಆದರೆ ಬಲ್ಬು ಬದಲಾದರೂ ಅದು ಸೇರಿಕೊಂಡಿರುವ ವಿದ್ಯುನ್ಮಂಡಲವು ಹಳೆಯದಾಗಿಯೇ ಉಳಿಯುತ್ತದೆ. ಅದರ ಹಿಂದಿನ ಪ್ರತಿಫಲಕವೂ ಮುಂದಿನ ಬಣ್ಣದ ಮುಚ್ಚಳವೂ ಹಳೆಯವಾಗಿಯೇ ಉಳಿಯುತ್ತವೆ. ಇವೆಲ್ಲವನ್ನೂ ರಚಿಸಿದವರು ತಂತುವಿನ ಗುಣಗಳನ್ನು ನಂಬಿ ರಚಿಸಿದ್ದಾರೆ. ಆದುದರಿಂದಲೇ ಹೊಸ ಬಲ್ಬು ಕೆಲವೆಡೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಕೆಲವೆಡೆ ವಿಚಿತ್ರವಾಗಿ ವರ್ತಿಸುತ್ತದೆ, ಒಂದೆಡೆ ಅಪಾಯಕಾರಿಯೂ ಆಗುತ್ತದೆ. ಇವುಗಳ ಕಾರಣವನ್ನು ತಿಳಿಯಲು ಓಮನ ನಿಯಮವೂ ಬೆಳಕಿನ ಪಾಠವೂ ಬಹುಮಟ್ಟಿಗೆ ಸಾಕು.

ತಂತುವಿನ ಗುಣಗಳು

ಕಾರಿನ ದಿಕ್ಸೂಚಕ ದೀಪದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ೧೨ ವೋಲ್ಟು, ೨೧ ವಾಟಿನ ಬಲ್ಬು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಅದರಲ್ಲಿ ಹರಿಯುವ ಪ್ರವಾಹವು ೧.೭೫ ಆಂಪೇರು ಎಂದು ತಿಳಿಯುತ್ತದೆ. ಓಮನ ನಿಯಮದಂತೆ ಅದರ ರೋಧವು ಸುಮಾರು ೬.೯ ಓಮು. ಇನ್ನು ಆ ಬಲ್ಬನ್ನು ಹೊರತೆಗೆದು, ತಣ್ಣಗಿರುವಾಗ ಕಾಲೇಜಿನ ಪ್ರಯೋಗಶಾಲೆಯ ಮಲ್ಟಿಮೀಟರಿನಿಂದ ಅಳೆದು ನೋಡಿ. ಒಂದು ಓಮಿಗಿಂತಲೂ ಕಡಮೆ ಬರುತ್ತದೆ. ಅಳತೆಯೂ ತಪ್ಪಲ್ಲ, ಲೆಕ್ಕವೂ ತಪ್ಪಲ್ಲ. ಲೋಹದ ರೋಧವು ಉಷ್ಣತೆಯೊಡನೆ ಏರುತ್ತದೆ. ಉರಿಯುವ ಟಂಗ್‌ಸ್ಟನ್ ತಂತುವಿನ ಉಷ್ಣತೆ ಸುಮಾರು ೨,೮೦೦ ಕೆಲ್ವಿನ್. ಆ ಉಷ್ಣತೆಯಲ್ಲಿ ಅದರ ರೋಧವು ತಣ್ಣಗಿದ್ದಾಗಿನ ರೋಧದ ಹತ್ತರಿಂದ ಹದಿನೈದು ಪಟ್ಟಾಗಿರುತ್ತದೆ. ತಣ್ಣನೆಯ ತಂತುವಿನ ರೋಧವು ಹೀಗೆ ಅತ್ಯಲ್ಪವೆಂಬ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಂದು ಒಗಟನ್ನು ಬಿಡಿಸಲು ಅದೇ ನೆರವಾಗುವುದು.

೨,೮೦೦ ಕೆಲ್ವಿನ್ ಉಷ್ಣತೆಯ ಕಾಯವು ಸೂಸುವ ಶಕ್ತಿಯು ಯಾವ ತರಂಗದೂರದಲ್ಲಿ ಗರಿಷ್ಠವಾಗಿರುತ್ತದೆಂಬುದನ್ನು ವೀನನ ನಿಯಮದಿಂದ ಕಂಡುಕೊಳ್ಳಬಹುದು. ಉತ್ತರವು ಸುಮಾರು ೧,೦೩೫ ನ್ಯಾನೊಮೀಟರು. ಕಣ್ಣಿಗೆ ಕಾಣುವ ಬೆಳಕಿನ ಎಲ್ಲೆಯು ೭೦೦ ನ್ಯಾನೊಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಎಂದರೆ ತಂತುವು ಸೂಸುವ ಶಕ್ತಿಯ ಬಹುಭಾಗವು ಕಾಣದ ಅವಕೆಂಪು ಕಿರಣಗಳಾಗಿ ಹೋಗುತ್ತದೆ. ಉಳಿದ ಬೆಳಕಿನಲ್ಲಿಯೂ ಕಿತ್ತಳೆ-ಹಳದಿಯನ್ನು ಮಾತ್ರ ಹೊರಬಿಟ್ಟು ಮಿಕ್ಕುದನ್ನು ಬಣ್ಣದ ಗಾಜು ನುಂಗಿಬಿಡುತ್ತದೆ. ೨೧ ವಾಟಿನ ಬಿಳಿಗಾಜಿನ ಬಲ್ಬಿನ ಬೆಳಕು ೧೩.೫ ವೋಲ್ಟಿನಲ್ಲಿ ೪೬೦ ಲ್ಯೂಮೆನ್ ಎಂದು ನಿಗದಿಯಾಗಿದೆ; ಕಿತ್ತಳೆ ಗಾಜಿನ ಬಲ್ಬಿಗೆ ನಿಗದಿಯಾದುದು ಕೇವಲ ೨೮೦ ಲ್ಯೂಮೆನ್.

ತಂತುವಿನ ಮತ್ತೊಂದು ಗುಣವೆಂದರೆ ಅದರ ನಿಧಾನ. ಪ್ರವಾಹವು ಹರಿದ ಕೂಡಲೇ ಅದು ಬೆಳಗುವುದಿಲ್ಲ, ಮೊದಲು ಬಿಸಿಯಾಗಬೇಕು. ಪೂರ್ಣ ಪ್ರಕಾಶಕ್ಕೆ ಬರಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ಮೆಲ್ಲನೆ ಬೆಳಗಿ ಮೆಲ್ಲನೆ ಆರುವ ನೋಟಕ್ಕೆ ಇದೇ ಕಾರಣ.

ಡಯೋಡಿನ ಗುಣಗಳು

ಘನವಸ್ತುವಿನಲ್ಲಿ ಪ್ರವಾಹವನ್ನು ಹರಿಸಿದರೆ, ಅದು ಕಾಯದೆಯೇ ಬೆಳಕನ್ನು ಕೊಡಬಲ್ಲುದೆಂಬುದನ್ನು ೧೯೦೭ರಲ್ಲಿ ಇಂಗ್ಲೆಂಡಿನ ಎಚ್. ಜೆ. ರೌಂಡ್ ಎಂಬಾತನು ಸಿಲಿಕನ್ ಕಾರ್ಬೈಡಿನ ಹರಳಿನಲ್ಲಿ ಕಂಡನು. ರಷ್ಯದ ಓಲೆಗ್ ಲೋಸೆವ್ ೧೯೨೦ರ ದಶಕದಲ್ಲಿ ಅದನ್ನೇ ವಿಸ್ತಾರವಾಗಿ ಅಭ್ಯಸಿಸಿದನು. ೧೯೬೨ರಲ್ಲಿ ಅಮೆರಿಕದ ನಿಕ್ ಹಾಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ನಿರ್ಮಿಸಿದನು. ನೀಲಿ ಬೆಳಕಿನ ಸಮರ್ಥ ಡಯೋಡಿಗಾಗಿ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಆ ಸಾಧನೆಗಾಗಿ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ ೨೦೧೪ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಸಂದಿತು.

ಡಯೋಡೆಂಬುದು ಎರಡು ಬಗೆಯ ಅರೆವಾಹಕಗಳ ಸಂಧಿ. ಒಂದು ಕಡೆ ಇಲೆಕ್ಟ್ರಾನುಗಳು ಹೇರಳವಾಗಿರುತ್ತವೆ. ಮತ್ತೊಂದು ಕಡೆ ಇಲೆಕ್ಟ್ರಾನುಗಳಿಲ್ಲದ ತೆರವುಗಳು, ಎಂದರೆ ‘ರಂಧ್ರ’ಗಳು, ಹೇರಳವಾಗಿರುತ್ತವೆ. ಸರಿಯಾದ ದಿಕ್ಕಿನಲ್ಲಿ ವಿಭವಾಂತರವನ್ನು ಕೊಟ್ಟಾಗ ಇವೆರಡೂ ಸಂಧಿಯಲ್ಲಿ ಕೂಡುತ್ತವೆ. ಇಲೆಕ್ಟ್ರಾನು ರಂಧ್ರದೊಳಕ್ಕೆ ಬಿದ್ದಾಗ ಅದು ಕಳೆದುಕೊಳ್ಳುವ ಶಕ್ತಿಯು ಬೆಳಕಿನ ಒಂದು ಕಣವಾಗಿ ಹೊರಬೀಳುತ್ತದೆ. ಶಕ್ತಿಯ ಮೊತ್ತವು ಆ ವಸ್ತುವಿನ ಸ್ವಭಾವದಿಂದಲೇ ನಿಶ್ಚಿತವಾಗಿರುವುದರಿಂದ ಬೆಳಕಿನ ಬಣ್ಣವೂ ನಿಶ್ಚಿತ. ದಿಕ್ಸೂಚಕಕ್ಕೆ ಬೇಕಾದ ಕಿತ್ತಳೆ-ಹಳದಿಯ ತರಂಗದೂರ ಸುಮಾರು ೫೯೦ ನ್ಯಾನೊಮೀಟರು. ಅದರ ಒಂದೊಂದು ಕಣದ ಶಕ್ತಿ ೨.೧ ಇಲೆಕ್ಟ್ರಾನ್ ವೋಲ್ಟು. ಅಲ್ಯೂಮಿನಿಯಂ, ಗ್ಯಾಲಿಯಂ, ಇಂಡಿಯಂ ಮತ್ತು ರಂಜಕ ಇವುಗಳ ಸಂಯುಕ್ತವು ಈ ಬಣ್ಣವನ್ನು ಕೊಡುತ್ತದೆ. ಇಲ್ಲಿ ಬಣ್ಣದ ಗಾಜು ನುಂಗಿಹಾಕುವುದು ಬಹಳವೇನೂ ಇಲ್ಲ. ಆದುದರಿಂದಲೇ ೨೧ ವಾಟಿನ ಬಲ್ಬು ಮಾಡುವ ಕೆಲಸವನ್ನು ಕೆಲವೇ ವಾಟಿನ ಡಯೋಡುಗಳು ಮಾಡಬಲ್ಲವು.

ಆದರೆ ಡಯೋಡಿಗೆ ಬ್ಯಾಟರಿಯ ೧೨ ವೋಲ್ಟನ್ನು ನೇರವಾಗಿ ಕೊಡುವಂತಿಲ್ಲ. ಮೂರು ಡಯೋಡುಗಳನ್ನು ಸರಣಿಯಲ್ಲಿ ಜೋಡಿಸಿದರೆ ಅವುಗಳಿಗೆ ಸುಮಾರು ೬.೩ ವೋಲ್ಟು ಬೇಕು. ನಿಶ್ಚಲ ವಾಹನದ ಬ್ಯಾಟರಿಯು ೧೨.೬ ವೋಲ್ಟನ್ನು ಕೊಡುತ್ತದೆಂದು ಇಟ್ಟುಕೊಳ್ಳೋಣ. ಉಳಿದ ೬.೩ ವೋಲ್ಟನ್ನು ಒಂದು ರೋಧಕವು ಹೊರಬೇಕು. ಪ್ರವಾಹವು ೦.೦೨ ಆಂಪೇರು ಇರಬೇಕಾದರೆ ರೋಧವು ೩೧೫ ಓಮು. ಈಗ ಎಂಜಿನ್ನು ಓಡತೊಡಗಿ ವೋಲ್ಟೇಜು ೧೪.೪ಕ್ಕೆ ಏರಿತೆನ್ನೋಣ. ಡಯೋಡುಗಳು ತಮ್ಮ ೬.೩ ವೋಲ್ಟನ್ನು ಬಹುತೇಕ ಹಾಗೆಯೇ ಉಳಿಸಿಕೊಳ್ಳುತ್ತವೆ, ರೋಧಕಕ್ಕೆ ೮.೧ ವೋಲ್ಟು ಬೀಳುತ್ತದೆ. ಪ್ರವಾಹವು ೦.೦೨೫೭ ಆಂಪೇರಿಗೆ ಏರುತ್ತದೆ. ವೋಲ್ಟೇಜಿನ ಏರಿಕೆ ನೂರಕ್ಕೆ ಹದಿನಾಲ್ಕು. ಪ್ರವಾಹದ ಏರಿಕೆ ನೂರಕ್ಕೆ ಇಪ್ಪತ್ತೊಂಬತ್ತು. ತಂತುವಾದರೋ ಬಿಸಿಯಾದಷ್ಟೂ ರೋಧವನ್ನು ಹೆಚ್ಚಿಸಿಕೊಂಡು ತನ್ನನ್ನು ತಾನೇ ತಡೆಯುತ್ತಿತ್ತು. ಡಯೋಡಿಗೆ ಆ ಸಂಯಮವಿಲ್ಲ. ಒಳ್ಳೆಯ ಎಲ್.ಇ.ಡಿ. ಬಲ್ಬಿನಲ್ಲಿ ಪ್ರವಾಹವನ್ನು ಒಂದೇ ಮಟ್ಟದಲ್ಲಿಡುವ ಚಿಕ್ಕ ಮಂಡಲವೊಂದಿರುತ್ತದೆ. ಅಗ್ಗದ್ದರಲ್ಲಿ ಬರಿಯ ರೋಧಕವಿರುತ್ತದೆ. ನೋಡಲು ಒಂದೇ ತೆರನಾದ ಎರಡು ಬಲ್ಬುಗಳ ಬೆಲೆಯಲ್ಲಿಯೂ ಬಾಳಿಕೆಯಲ್ಲಿಯೂ ಅಂತರವಿರುವುದಕ್ಕೆ ಇದೊಂದು ಕಾರಣ.

ಡಯೋಡಿನಲ್ಲಿ ಪ್ರವಾಹವು ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂಬುದನ್ನೂ ಇಲ್ಲಿ ಹೇಳಬೇಕು. ಹೊಸ ಬಲ್ಬನ್ನು ಸಿಕ್ಕಿಸಿದಾಗ ಅದು ಬೆಳಗದಿದ್ದರೆ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು, ತಿರುಗಿಸಿ ಸಿಕ್ಕಿಸಲು ಬರುವಂಥದಾದರೆ, ಹಾಗೆ ಮಾಡಿ ನೋಡಬೇಕು.

ಮಿಣುಕು ಏಕೆ ವೇಗವಾಗುತ್ತದೆ?

ದಿಕ್ಸೂಚಕವನ್ನು ಮಿಣುಕಿಸುವ ಉಪಕರಣಕ್ಕೆ ಫ್ಲಾಷರ್ ಎಂದು ಹೆಸರು. ಹಳೆಯ ಫ್ಲಾಷರಿನಲ್ಲಿ ಒಂದು ದ್ವಿಲೋಹ ಪಟ್ಟಿಯಿರುತ್ತದೆ. ದೀಪಗಳಿಗೆ ಹೋಗುವ ಪ್ರವಾಹವೇ ಅದನ್ನು ಕಾಯಿಸುತ್ತದೆ; ಕಾದ ಪಟ್ಟಿ ಬಾಗಿ ಸಂಪರ್ಕವನ್ನು ಕಡಿಯುತ್ತದೆ; ತಣಿದು ಮತ್ತೆ ಕೂಡಿಸುತ್ತದೆ. ಎರಡು ಬಲ್ಬುಗಳ ಮೂರೂವರೆ ಆಂಪೇರಿನಿಂದ ಕಾಯಬೇಕಾದ ಪಟ್ಟಿಗೆ ಎಲ್.ಇ.ಡಿ.ಗಳ ಅಲ್ಪ ಪ್ರವಾಹವು ಸಾಲದು. ಆಗ ಮಿಣುಕು ನಿಂತೇಹೋಗುತ್ತದೆ.

ಈಚಿನ ಇಲೆಕ್ಟ್ರಾನಿಕ್ ಫ್ಲಾಷರಿನ ಬಗೆ ಬೇರೆ. ಅದರಲ್ಲಿ ಕಾಲವನ್ನು ಅಳೆಯುವ ಮಂಡಲವೂ ಪ್ರವಾಹವನ್ನು ಅಳೆಯುವ ಅತಿಚಿಕ್ಕ ರೋಧಕವೂ ಇರುತ್ತವೆ. ಆ ರೋಧವು ೦.೦೩ ಓಮು ಎಂದು ಭಾವಿಸೋಣ. ಎರಡು ಬಲ್ಬುಗಳೂ ಸರಿಯಾಗಿದ್ದರೆ ಅದರ ತುದಿಗಳ ನಡುವೆ ಸುಮಾರು ೦.೧ ವೋಲ್ಟು ಉಂಟಾಗುತ್ತದೆ. ಒಂದು ಬಲ್ಬು ಸುಟ್ಟುಹೋದರೆ ಅದು ಅರ್ಧಕ್ಕೆ ಇಳಿಯುತ್ತದೆ. ಫ್ಲಾಷರ್ ಇದನ್ನು ಗುರುತಿಸಿ ಮಿಣುಕಿನ ವೇಗವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಚಾಲಕನಿಗೆ ತನ್ನ ವಾಹನದ ಹಿಂದಿನ ದೀಪವು ಕುಳಿತ ಕಡೆಯಿಂದ ಕಾಣದು. ‘ಒಂದು ಬಲ್ಬು ಹೋಗಿದೆ, ನೋಡು’ ಎಂದು ಅವನಿಗೆ ತಿಳಿಸುವ ಉಪಾಯವೇ ಈ ಅತಿವೇಗದ ಮಿಣುಕು. ಎರಡೆರಡು ವಾಟಿನ ಎಲ್.ಇ.ಡಿ.ಗಳನ್ನು ಹಾಕಿದಾಗ ಆ ರೋಧಕದ ಮೇಲೆ ಉಂಟಾಗುವುದು ೦.೦೧ ವೋಲ್ಟು ಮಾತ್ರ. ಬಲ್ಬುಗಳು ಇಲ್ಲವೆಂದೇ ಫ್ಲಾಷರ್ ಬಗೆಯುತ್ತದೆ. ಅದು ಕೆಟ್ಟಿಲ್ಲ, ತನ್ನ ಕರ್ತವ್ಯವನ್ನೇ ಮಾಡುತ್ತಿದೆ.

ಹಾಗಾದರೆ ಅದನ್ನು ಹಾಗೆಯೇ ಬಿಟ್ಟರೇನು? ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ವಾಹನ ನಿಯಮಗಳಂತೆ ದಿಕ್ಸೂಚಕವು ನಿಮಿಷಕ್ಕೆ ೯೦ ಸಲ, ೩೦ ಹೆಚ್ಚು ಅಥವಾ ೩೦ ಕಡಮೆ, ಮಿಣುಕಬೇಕು. ೮೫ ಸಲ ಮಿಣುಕುತ್ತಿದ್ದುದು ಇಮ್ಮಡಿಯಾದರೆ ೧೭೦ ಆಗುತ್ತದೆ. ಇದು ಎಲ್ಲೆಯನ್ನು ಬಹಳವಾಗಿ ಮೀರಿದುದು.

ಎರಡು ಪರಿಹಾರಗಳು

ಮೊದಲನೆಯ ಪರಿಹಾರವೆಂದರೆ ಎಲ್.ಇ.ಡಿ. ಬಲ್ಬಿಗೆ ಸಮಾಂತರವಾಗಿ ಒಂದು ರೋಧಕವನ್ನು ಸೇರಿಸಿ, ಹಳೆಯ ಬಲ್ಬಿನಷ್ಟೇ ಪ್ರವಾಹವು ಹರಿಯುವಂತೆ ಮಾಡುವುದು. ಇದಕ್ಕಾಗಿ ಅಂಗಡಿಗಳಲ್ಲಿ ೬ ಓಮಿನ ರೋಧಕಗಳು ದೊರೆಯುತ್ತವೆ. ೧೨ ವೋಲ್ಟಿನಲ್ಲಿ ಅದರ ಮೂಲಕ ೨ ಆಂಪೇರು ಹರಿದು ೨೪ ವಾಟು ಶಾಖವಾಗಿ ವ್ಯಯವಾಗುತ್ತದೆ. ಬಲ್ಬಿನ ೨ ವಾಟು ಕೂಡಿದರೆ ಒಟ್ಟು ೨೬. ಹಳೆಯ ಬಲ್ಬು ತೆಗೆದುಕೊಳ್ಳುತ್ತಿದ್ದುದು ೨೧. ಮಿತವ್ಯಯಕ್ಕೆಂದು ಹೊರಟವನು ಮೊದಲಿಗಿಂತ ಹೆಚ್ಚು ವೆಚ್ಚಮಾಡಿದಂತಾಯಿತು! ಅಲ್ಲದೆ ಆ ರೋಧಕವು ಕೈ ಸುಡುವಷ್ಟು ಕಾಯುತ್ತದೆ. ಅದನ್ನು ಲೋಹದ ತಗಡಿಗೆ ಬಿಗಿಯಬೇಕೇ ಹೊರತು ಪ್ಲಾಸ್ಟಿಕ್ಕಿಗಾಗಲಿ ತಂತಿಗಳ ಕಟ್ಟಿಗಾಗಲಿ ತಾಗುವಂತೆ ಇಡಕೂಡದು.

ಇದಕ್ಕಿಂತ ಗಂಭೀರವಾದ ದೋಷವೊಂದಿದೆ. ನಾಳೆ ಎಲ್.ಇ.ಡಿ. ಬಲ್ಬು ಕೆಟ್ಟರೂ ರೋಧಕದಲ್ಲಿ ಪ್ರವಾಹವು ಹರಿಯುತ್ತಲೇ ಇರುತ್ತದೆ. ಫ್ಲಾಷರ್ ಎಲ್ಲವೂ ಸರಿಯಾಗಿದೆಯೆಂದು ನಂಬಿ ಎಂದಿನ ವೇಗದಲ್ಲೇ ಮಿಣುಕಿಸುತ್ತದೆ. ಚಾಲಕನು ತಾನು ಬಲಕ್ಕೆ ತಿರುಗುವ ಸಂಜ್ಞೆಯನ್ನು ಕೊಟ್ಟೆನೆಂದೇ ಭಾವಿಸುತ್ತಾನೆ. ಹಿಂದೆ ಬರುವ ಲಾರಿಯವನಿಗೆ ಏನೂ ಕಂಡಿರುವುದಿಲ್ಲ.

ಎರಡನೆಯ ಪರಿಹಾರವು ಫ್ಲಾಷರನ್ನೇ ಬದಲಾಯಿಸುವುದು. ಹೊರೆಯನ್ನು ಲೆಕ್ಕಿಸದೆ ಒಂದೇ ವೇಗದಲ್ಲಿ ಮಿಣುಕಿಸುವ ಫ್ಲಾಷರುಗಳು ದೊರೆಯುತ್ತವೆ. ಕೊಳ್ಳುವಾಗ ಹಳೆಯದಕ್ಕೆ ಎರಡು ಕಾಲುಗಳಿವೆಯೋ ಮೂರಿವೆಯೋ ನೋಡಿಕೊಳ್ಳಬೇಕು. ಮೂರು ಕಾಲಿನದರ ಮೇಲೆ ಸಾಮಾನ್ಯವಾಗಿ ೪೯, ೪೯ಎ, ೩೧ ಎಂಬ ಗುರುತುಗಳಿರುತ್ತವೆ. ಇವು ಕ್ರಮವಾಗಿ ಬ್ಯಾಟರಿಯಿಂದ ಬರುವ ತಂತಿ, ದೀಪಗಳಿಗೆ ಹೋಗುವ ತಂತಿ, ಭೂಸಂಪರ್ಕ. ಈ ಪರಿಹಾರದಲ್ಲಿ ಶಾಖದ ಕಾಟವಿಲ್ಲ, ಮಿತವ್ಯಯವೂ ನಿಜವಾದುದು. ಆದರೆ ಬಲ್ಬು ಕೆಟ್ಟಾಗಿನ ಎಚ್ಚರಿಕೆಯು ಇಲ್ಲಿಯೂ ಇಲ್ಲ. ಹೀಗಾಗಿ ಯಾವ ಪರಿಹಾರವನ್ನು ಆರಿಸಿಕೊಂಡರೂ, ಯಂತ್ರವು ಮಾಡುತ್ತಿದ್ದ ತಪಾಸಣೆಯನ್ನು ಇನ್ನು ಮುಂದೆ ನಾವೇ ಮಾಡಬೇಕು. ವಾರಕ್ಕೊಮ್ಮೆ ವಾಹನದ ಸುತ್ತ ನಡೆದು ಒಂದೊಂದು ದೀಪವನ್ನೂ ಕಣ್ಣಾರೆ ನೋಡುವುದು ಅಗತ್ಯ.

ಈಚಿನ ಅನೇಕ ಕಾರುಗಳಲ್ಲಿ ಪ್ರತ್ಯೇಕ ಫ್ಲಾಷರೇ ಇಲ್ಲ. ವಾಹನದ ಗಣಕವೇ ಆ ಕೆಲಸವನ್ನು ಮಾಡುತ್ತದೆ. ಕೆಲವು ಗಣಕಗಳು ದೀಪವು ಆರಿರುವಾಗಲೂ ಕ್ಷಣಮಾತ್ರದ ಪ್ರವಾಹವನ್ನು ಕಳುಹಿಸಿ ಬಲ್ಬು ಇದೆಯೇ ಎಂದು ಪರೀಕ್ಷಿಸುತ್ತವೆ. ತಂತುವು ಬಿಸಿಯಾಗುವ ಮೊದಲೇ ಆ ಕ್ಷಣವು ಮುಗಿದಿರುತ್ತದೆ. ಡಯೋಡಾದರೋ ಆ ಕ್ಷಣದಲ್ಲೇ ಬೆಳಗಿಬಿಡುತ್ತದೆ. ಆರಿದ ದೀಪವು ಮಂದವಾಗಿ ಮಿಣಮಿಣನೆ ಹೊಳೆಯುವುದಕ್ಕೆ ಇದು ಕಾರಣ. ಅಂಥ ಕಾರುಗಳಲ್ಲಿ ತಯಾರಕರು ಸೂಚಿಸದ ಬಲ್ಬನ್ನು ಹಾಕದಿರುವುದೇ ಮೇಲು.

ನಾಲ್ಕು ದೀಪಗಳೂ ಒಟ್ಟಿಗೆ ಮಿಣುಕಿದರೆ

ಮೋಟಾರ್ ಸೈಕಲ್ಲುಗಳಲ್ಲಿ ಒಂದು ಸೋಜಿಗವು ಕಂಡುಬರುತ್ತದೆ. ಎಲ್.ಇ.ಡಿ. ಹಾಕಿದ ಮೇಲೆ ಎಡಕ್ಕೆ ಸ್ವಿಚ್ಚು ಒತ್ತಿದರೂ ಬಲಕ್ಕೆ ಒತ್ತಿದರೂ ನಾಲ್ಕು ದೀಪಗಳೂ ಮಿಣುಕುತ್ತವೆ. ತಂತಿಗಳು ಎಲ್ಲಿಯೋ ಒಂದಕ್ಕೊಂದು ತಾಗಿವೆಯೆಂದು ಭಾವಿಸಿ ಹುಡುಕಿದರೆ ದೋಷವು ಸಿಗದು.

ಗುಟ್ಟು ಇರುವುದು ಚಾಲಕನ ಮುಂದಿನ ಫಲಕದಲ್ಲಿರುವ ಚಿಕ್ಕ ಸೂಚನಾದೀಪದಲ್ಲಿ. ಎಡ ಬಲಗಳೆರಡಕ್ಕೂ ಒಂದೇ ಸೂಚನಾದೀಪವಿರುವ ವಾಹನಗಳಲ್ಲಿ ಅದರ ಒಂದು ತುದಿಯನ್ನು ಎಡದೀಪಗಳ ತಂತಿಗೂ ಮತ್ತೊಂದನ್ನು ಬಲದೀಪಗಳ ತಂತಿಗೂ ಜೋಡಿಸಿರುತ್ತಾರೆ. ಎಡದ ಸ್ವಿಚ್ಚನ್ನು ಒತ್ತಿದಾಗ ಪ್ರವಾಹವು ಸೂಚನಾದೀಪವನ್ನು ಹಾಯ್ದು, ಬಲಗಡೆಯ ಎರಡು ಬಲ್ಬುಗಳ ಮೂಲಕ ಭೂಸಂಪರ್ಕವನ್ನು ಸೇರುತ್ತದೆ. ಬಲಗಡೆಯವು ೧೦ ವಾಟಿನ ತಂತುಬಲ್ಬುಗಳೆನ್ನೋಣ. ತಣ್ಣಗಿರುವಾಗ ಒಂದೊಂದರ ರೋಧವು ಸುಮಾರು ೧.೪ ಓಮು, ಸಮಾಂತರವಾಗಿ ಎರಡೂ ಸೇರಿ ೦.೭ ಓಮು. ೩ ವಾಟಿನ ಸೂಚನಾದೀಪದ ರೋಧವು ಉರಿಯುವಾಗ ೪೮ ಓಮು. ಹನ್ನೆರಡು ವೋಲ್ಟಿನಲ್ಲಿ ಬಲಗಡೆಯ ಬಲ್ಬುಗಳಿಗೆ ಸಿಗುವುದು ೦.೧೭ ವೋಲ್ಟು ಮಾತ್ರ. ಅವು ಕೆಂಪಗೂ ಆಗುವುದಿಲ್ಲ. ತಣ್ಣನೆಯ ತಂತುವು ಇಲ್ಲಿ ಬರಿಯ ತಂತಿಯಂತೆ ವರ್ತಿಸಿತು. ವಿನ್ಯಾಸಕಾರರು ನಂಬಿದ್ದುದು ಇದನ್ನೇ.

ಆ ಜಾಗದಲ್ಲಿ ಎಲ್.ಇ.ಡಿ.ಗಳು ಬಂದಾಗ ಪಾತ್ರಗಳು ಅದಲುಬದಲಾಗುತ್ತವೆ. ಎರಡು ಎಲ್.ಇ.ಡಿ.ಗಳಿಗೂ ಸೇರಿ ೦.೧ ಆಂಪೇರು ಸಾಕಾಗಿದ್ದರೆ, ಅಷ್ಟು ಪ್ರವಾಹಕ್ಕೆ ಸೂಚನಾದೀಪದ ತಂತುವು ಹೆಚ್ಚು ಕಾಯದು. ಅದರ ರೋಧವು ಕಡಮೆಯಾಗಿಯೇ ಉಳಿದು, ಒಂದೆರಡು ವೋಲ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ. ಉಳಿದ ಹತ್ತು ವೋಲ್ಟು ಎದುರುಗಡೆಯ ಎಲ್.ಇ.ಡಿ.ಗಳನ್ನು ಬೆಳಗಿಸಲು ಸಾಕು. ಈಗ ಸೂಚನಾದೀಪವೇ ತಂತಿಯಂತಾಯಿತು. ಪರಿಹಾರವು ಸರಳ: ಸೂಚನಾದೀಪದ ಒಂದು ತುದಿಯನ್ನು ನೇರವಾಗಿ ಭೂಸಂಪರ್ಕಕ್ಕೆ ಸೇರಿಸಬೇಕು, ಮತ್ತೊಂದು ತುದಿಗೆ ಎಡದ ತಂತಿಯನ್ನೂ ಬಲದ ತಂತಿಯನ್ನೂ ಒಂದೊಂದು ಸಾಮಾನ್ಯ ಡಯೋಡಿನ ಮೂಲಕ ತರಬೇಕು. ಡಯೋಡು ಒಮ್ಮುಖವಾದುದರಿಂದ ಎಡದ ಪ್ರವಾಹವು ಬಲಕ್ಕೆ ನುಸುಳಲಾರದು. ಎಡಕ್ಕೋ ಬಲಕ್ಕೋ ತಿಳಿಯದ ಸಂಜ್ಞೆಯು ಸಂಜ್ಞೆಯೇ ಇಲ್ಲದುದಕ್ಕಿಂತ ಕೆಟ್ಟದ್ದು. ಈ ದೋಷವನ್ನು ಸರಿಪಡಿಸುವವರೆಗೆ ವಾಹನವನ್ನು ರಸ್ತೆಗೆ ತರಬಾರದು.

ಬಣ್ಣವೂ ದಿಕ್ಕೂ

ಬಿಳಿಯ ಎಲ್.ಇ.ಡಿ. ನಿಜವಾಗಿ ಬಿಳಿಯದಲ್ಲ; ನೀಲಿ ಡಯೋಡಿನ ಮೇಲೆ ಹಳದಿ ಬೆಳಕನ್ನು ಕೊಡುವ ಲೇಪವನ್ನು ಬಳಿದು ಮಾಡಿದುದು. ಅದರ ಬೆಳಕಿನಲ್ಲಿ ಕೆಂಪಿನ ಅಂಶವು ಕಡಮೆ. ಕೆಂಪು ಮುಚ್ಚಳದ ಹಿಂದೆ ಬಿಳಿಯ ಎಲ್.ಇ.ಡಿ.ಯನ್ನಿಟ್ಟರೆ ಬೆಳಕಿನ ಹೆಚ್ಚಿನ ಭಾಗವು ಮುಚ್ಚಳದಲ್ಲೇ ಮುಗಿದುಹೋಗುತ್ತದೆ. ಆದುದರಿಂದ ಕೆಂಪು ಮುಚ್ಚಳಕ್ಕೆ ಕೆಂಪು, ಕಿತ್ತಳೆ ಮುಚ್ಚಳಕ್ಕೆ ಕಿತ್ತಳೆ ಡಯೋಡುಗಳನ್ನೇ ಆರಿಸಬೇಕು.

ತಂತುವು ಹೆಚ್ಚುಕಡಮೆ ಎಲ್ಲ ದಿಕ್ಕುಗಳಿಗೂ ಬೆಳಕನ್ನು ಚೆಲ್ಲುತ್ತದೆ. ಪ್ರತಿಫಲಕವು ಅದನ್ನು ಹಿಡಿದು ಮುಂದಕ್ಕೆ ಕಳುಹಿಸುತ್ತದೆ. ಚಪ್ಪಟೆಯ ಡಯೋಡು ತನ್ನ ಮುಂದಿನ ಅರ್ಧಗೋಲಕ್ಕೆ ಮಾತ್ರ ಬೆಳಕನ್ನು ಕೊಡುತ್ತದೆ. ತುದಿಯಲ್ಲಿ ಮಾತ್ರ ಡಯೋಡುಗಳಿರುವ ಬಲ್ಬಿನ ಬೆಳಕು ಪ್ರತಿಫಲಕವನ್ನು ಮುಟ್ಟುವುದೇ ಇಲ್ಲ. ಎದುರಿಗೆ ನಿಂತು ನೋಡಿದರೆ ಕಣ್ಣು ಕುಕ್ಕುತ್ತದೆ. ಪಕ್ಕಕ್ಕೆ ಸರಿದರೆ ಮಂಕಾಗುತ್ತದೆ. ದಿಕ್ಸೂಚಕವನ್ನು ಮುಖ್ಯವಾಗಿ ನೋಡಬೇಕಾದವನು ಓರೆಯಾಗಿ ಬರುವ ಸೈಕಲ್ ಸವಾರ, ರಸ್ತೆ ದಾಟುತ್ತಿರುವ ಪಾದಚಾರಿ. ಅಂತಾರಾಷ್ಟ್ರೀಯ ನಿಯಮಗಳು ಮುಂದಿನ ದಿಕ್ಸೂಚಕಕ್ಕೆ ನಡು ಅಕ್ಷದಲ್ಲಿ ಕನಿಷ್ಠ ೧೭೫ ಕ್ಯಾಂಡೆಲಾ, ಹಿಂದಿನದಕ್ಕೆ ೫೦ ಕ್ಯಾಂಡೆಲಾ ಪ್ರಕಾಶವನ್ನು ವಿಧಿಸಿರುವುದಲ್ಲದೆ ಓರೆಕೋನಗಳಿಗೂ ಮಿತಿಗಳನ್ನು ಗೊತ್ತುಮಾಡಿವೆ. ಈ ಅಳತೆಗಳು ಮನೆಯಲ್ಲಿ ಸಾಧ್ಯವಿಲ್ಲ. ಆದರೆ ಒಂದು ಕಡೆ ಹಳೆಯ ಬಲ್ಬನ್ನೂ ಮತ್ತೊಂದು ಕಡೆ ಹೊಸದನ್ನೂ ಇಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ, ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಇಪ್ಪತ್ತು ಹೆಜ್ಜೆ ದೂರದಿಂದ ಹೋಲಿಸಿ ನೋಡುವುದು ಸಾಧ್ಯ. ಯಾವ ಕೋನದಿಂದಾದರೂ ಹೊಸದು ಮಂಕಾಗಿ ಕಂಡರೆ ಅದನ್ನು ಬಿಟ್ಟುಬಿಡಬೇಕು. ಸುತ್ತಲೂ ಡಯೋಡುಗಳಿರುವ ಬಲ್ಬು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೇಲಾಗಿರುತ್ತದೆ.

ಬ್ರೇಕ್ ದೀಪದ ಲಾಭವೂ ಒಂದು ಎಚ್ಚರಿಕೆಯೂ

ಎಲ್.ಇ.ಡಿ.ಯಿಂದ ನಿಜವಾದ ಉಪಕಾರವಾಗುವುದು ಬ್ರೇಕ್ ದೀಪದಲ್ಲಿ. ಡಯೋಡು ಬೆಳಗಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬೇಡ. ತಂತುವಿಗೆ ಬೇಕಾಗುತ್ತಿದ್ದ ೦.೨ ಸೆಕೆಂಡು ಉಳಿಯುತ್ತದೆ. ಗಂಟೆಗೆ ೧೦೦ ಕಿಲೋಮೀಟರು ವೇಗದ ವಾಹನವು ಸೆಕೆಂಡಿಗೆ ೨೭.೮ ಮೀಟರು ಚಲಿಸುವುದರಿಂದ, ೦.೨ ಸೆಕೆಂಡಿನಲ್ಲಿ ಐದೂವರೆ ಮೀಟರು ಮುಂದೆ ಬರುತ್ತದೆ. ಇದು ಒಂದು ದೊಡ್ಡ ಕಾರಿನ ಉದ್ದಕ್ಕಿಂತ ಹೆಚ್ಚು. ಹಿಂದಿನ ಚಾಲಕನಿಗೆ ಅಷ್ಟು ಅಂತರವು ದೊರೆತಂತಾಯಿತು.

ಆದರೆ ಅನೇಕ ವಾಹನಗಳಲ್ಲಿ ಬ್ರೇಕ್ ದೀಪವೂ ರಾತ್ರಿಯ ಹಿಂದೀಪವೂ ಒಂದೇ ಬಲ್ಬಿನ ಎರಡು ತಂತುಗಳು. ೨೧ ವಾಟಿನ ತಂತುವಿಗೆ ೪೪೦ ಲ್ಯೂಮೆನ್, ೫ ವಾಟಿನ ತಂತುವಿಗೆ ೩೫ ಲ್ಯೂಮೆನ್ ನಿಗದಿಯಾಗಿದೆ. ಎಂದರೆ ಬ್ರೇಕ್ ಒತ್ತಿದಾಗಿನ ಬೆಳಕು ಸುಮಾರು ಹನ್ನೆರಡು ಪಟ್ಟು. ಈ ಅಂತರದಿಂದಲೇ ರಾತ್ರಿಯಲ್ಲಿ ಹಿಂದಿನವನು ‘ಮುಂದಿನ ಗಾಡಿ ನಿಲ್ಲುತ್ತಿದೆ’ ಎಂದು ತಿಳಿಯುತ್ತಾನೆ. ಕೆಲವು ಎಲ್.ಇ.ಡಿ. ಬಲ್ಬುಗಳಲ್ಲಿ ಹಿಂದೀಪವು ಅತಿ ಪ್ರಖರವಾಗಿದ್ದು ಬ್ರೇಕ್ ಒತ್ತಿದಾಗ ಅಲ್ಪಸ್ವಲ್ಪವೇ ಹೆಚ್ಚುತ್ತದೆ. ನೋಟಕ್ಕೆ ಚೆಲುವಾದ ಅಂಥ ದೀಪವು ಉಪಯೋಗಕ್ಕೆ ಬಾರದು. ಕತ್ತಲಾದ ಮೇಲೆ ಸ್ನೇಹಿತನೊಬ್ಬನನ್ನು ಹಿಂದೆ ನಿಲ್ಲಿಸಿ, ಅವನಿಗೆ ತಿಳಿಸದೆ ಬ್ರೇಕ್ ಒತ್ತಿ, ಪ್ರತಿಸಲವೂ ಅವನು ತಟಕ್ಕನೆ ಗುರುತಿಸುವನೇ ಎಂದು ಪರೀಕ್ಷಿಸಬೇಕು.

ಘಾಟಿಯಲ್ಲಿ ಕೆಟ್ಟುನಿಂತ ವಾಹನ

ಮಿತವ್ಯಯದ ಮಾತನ್ನು ಮೇಲೆ ಎತ್ತಿದೆವು. ದಿನನಿತ್ಯದ ಓಡಾಟದಲ್ಲಿ ದಿಕ್ಸೂಚಕವು ಉರಿಯುವ ಕಾಲವು ಅತ್ಯಲ್ಪವಾದುದರಿಂದ ಇಂಧನದ ಉಳಿತಾಯವನ್ನು ದೊಡ್ಡದಾಗಿ ಹೇಳುವಂತಿಲ್ಲ. ಆದರೆ ಮಳೆಗಾಲದ ರಾತ್ರಿಯಲ್ಲಿ ಶಿರಾಡಿ ಘಾಟಿಯಂಥ ಕಡೆ ಕಾರೊಂದು ಕೆಟ್ಟುನಿಂತು, ನಾಲ್ಕು ದೀಪಗಳನ್ನೂ ಅಪಾಯಸೂಚಕವಾಗಿ ಮಿಣುಕಿಸಬೇಕಾಗಿ ಬಂದಿತೆನ್ನೋಣ. ನಾಲ್ಕು ತಂತುಬಲ್ಬುಗಳಿಗೆ ೮೪ ವಾಟು. ಅರ್ಧಕಾಲ ಮಾತ್ರ ಉರಿಯುವುದರಿಂದ ಸರಾಸರಿ ೪೨ ವಾಟು, ಎಂದರೆ ಮೂರೂವರೆ ಆಂಪೇರು. ೩೫ ಆಂಪೇರ್-ಗಂಟೆಯ ಬ್ಯಾಟರಿಯು ಲೆಕ್ಕದಂತೆ ಹತ್ತು ಗಂಟೆಗಳಲ್ಲಿ ಬರಿದಾಗುತ್ತದೆ. ಹಳೆಯದಾಗಿದ್ದರೆ ಬೆಳಗಿನೊಳಗೇ ಕೈಕೊಡಬಹುದು. ಎರಡು ವಾಟಿನ ನಾಲ್ಕು ಎಲ್.ಇ.ಡಿ.ಗಳಿಗೆ ಸರಾಸರಿ ೪ ವಾಟು ಸಾಕು. ಅದೇ ಬ್ಯಾಟರಿಯು ನೂರು ಗಂಟೆಗೂ ಮಿಕ್ಕಿ ಬರುತ್ತದೆ. ರೋಧಕಗಳನ್ನು ಸೇರಿಸಿದವರಿಗೆ ಮಾತ್ರ ಈ ಲಾಭವು ಇಲ್ಲ.

ಡಯೋಡು ತಣ್ಣಗಿನ ದೀಪವೆಂಬ ಮಾತೂ ಅರ್ಧಸತ್ಯ. ಅದು ಮುಂದಕ್ಕೆ ಶಾಖವನ್ನು ಸೂಸುವುದಿಲ್ಲವಾದರೂ ಅದರ ಸಂಧಿಯು ಕಾಯುತ್ತದೆ. ಆ ಶಾಖವು ಹಿಂಬದಿಯಿಂದ ಹರಿದುಹೋಗಬೇಕು. ಕಿತ್ತಳೆ ಡಯೋಡುಗಳ ಬೆಳಕು ಕಾದಂತೆಲ್ಲ ಗಮನಾರ್ಹವಾಗಿ ಇಳಿಯುತ್ತದೆ. ಆದುದರಿಂದ ಹೊಸ ಬಲ್ಬನ್ನು ಅರ್ಧಗಂಟೆ ಮಿಣುಕಿಸಿದ ಮೇಲೂ ಒಮ್ಮೆ ಪರೀಕ್ಷಿಸಬೇಕು.

ಮುಂದೀಪದ ಪ್ರಶ್ನೆ

ಸಂಜ್ಞಾದೀಪಗಳಿಗೆ ಹೇಳಿದ ಮಾತನ್ನು ಮುಂದೀಪಕ್ಕೆ, ಎಂದರೆ ಹೆಡ್‌ಲೈಟಿಗೆ, ಅನ್ವಯಿಸುವಂತಿಲ್ಲ. ಸಂಜ್ಞಾದೀಪವು ಕಂಡರೆ ಸಾಕು. ಮುಂದೀಪವು ತೋರಿಸಬೇಕು, ಜೊತೆಗೆ ಎದುರಿನವನ ಕಣ್ಣನ್ನು ಬಿಟ್ಟು ಬೆಳಗಬೇಕು. ಪರವಲಯಾಕಾರದ ಪ್ರತಿಫಲಕವು ತನ್ನ ನಾಭಿಯಲ್ಲಿರುವ ಬಿಂದುವಿನ ಬೆಳಕನ್ನು ಸಮಾಂತರ ಕಿರಣಗಳನ್ನಾಗಿ ಕಳುಹಿಸುತ್ತದೆಂದು ನಾವು ಓದಿದ್ದೇವೆ. ಎಚ್ ೪ ಎಂಬ ಬಲ್ಬಿನಲ್ಲಿ ದೂರದ ಬೆಳಕಿನ ತಂತುವು ನಾಭಿಯ ಬಳಿ ಇರುತ್ತದೆ. ಹತ್ತಿರದ ಬೆಳಕಿನದು ಸ್ವಲ್ಪ ಮುಂದೆ ಇದ್ದು, ಮೇಲಕ್ಕೆ ಏರುವ ಕಿರಣಗಳು ಹುಟ್ಟದಂತೆ ಅದರ ಕೆಳಗೊಂದು ಲೋಹದ ಮರೆಯಿರುತ್ತದೆ. ಇವುಗಳ ಸ್ಥಾನವು ಮಿಲಿಮೀಟರಿನ ಭಾಗಗಳಷ್ಟು ನಿಖರವಾಗಿರಬೇಕು.

ಪ್ರತಿಫಲಕದ ನಾಭಿದೂರವು ೨೫ ಮಿಲಿಮೀಟರು ಎಂದುಕೊಳ್ಳೋಣ. ಬೆಳಕಿನ ಮೂಲವು ಅಕ್ಷದಿಂದ ೧ ಮಿಲಿಮೀಟರು ಆಚೆ ಸರಿದರೆ ಕಿರಣವು ಇಪ್ಪತ್ತೈದರಲ್ಲಿ ಒಂದು ಪಾಲು ಓರೆಯಾಗುತ್ತದೆ. ಕೋನದಲ್ಲಿ ಹೇಳಿದರೆ ೨.೩ ಡಿಗ್ರಿ. ಐವತ್ತು ಮೀಟರು ದೂರದಲ್ಲಿ ಅದು ೨ ಮೀಟರಿನಷ್ಟು ಸ್ಥಾನಪಲ್ಲಟವಾಗುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನ ಸವಾರನ ಕಣ್ಣಿಗೆ ಬೀಳಲು ಅಷ್ಟು ಸಾಕು. ಎಲ್.ಇ.ಡಿ. ಬಲ್ಬಿನಲ್ಲಿ ಡಯೋಡುಗಳನ್ನು ಒಂದು ಪಟ್ಟಿಯ ಎರಡು ಮುಖಗಳಲ್ಲಿ ಕೂರಿಸಿರುತ್ತಾರೆ. ಪಟ್ಟಿಯ ದಪ್ಪದಿಂದಲೇ ಅವು ನಾಭಿಯಿಂದ ಸರಿದಿರುತ್ತವೆ. ತೆಳ್ಳನೆಯ ಸುರುಳಿಯ ಆಕಾರವನ್ನೂ ಅವು ಅನುಕರಿಸಲಾರವು. ಒಟ್ಟು ಬೆಳಕು ಹೆಚ್ಚಿರಬಹುದು. ಅದು ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಕಾರ್ಖಾನೆಯಿಂದಲೇ ಎಲ್.ಇ.ಡಿ. ಮುಂದೀಪವಿರುವ ವಾಹನಗಳ ಮಾತು ಬೇರೆ. ಅವುಗಳ ಪ್ರತಿಫಲಕವನ್ನೂ ಮಸೂರವನ್ನೂ ಡಯೋಡಿಗೆಂದೇ ಲೆಕ್ಕಹಾಕಿ ರಚಿಸಿರುತ್ತಾರೆ. ಜರ್ಮನಿಯಲ್ಲಿ ೨೦೨೦ರಿಂದ ಬದಲಿ ಎಲ್.ಇ.ಡಿ. ಬಲ್ಬುಗಳಿಗೆ ಅನುಮತಿ ದೊರೆತಿದ್ದರೂ ಅದು ಪರೀಕ್ಷೆಯಲ್ಲಿ ತೇರ್ಗಡೆಯಾದ ನಿರ್ದಿಷ್ಟ ಬಲ್ಬುಗಳಿಗೆ, ನಿರ್ದಿಷ್ಟ ಮಾದರಿಯ ವಾಹನಗಳಲ್ಲಿ ಮಾತ್ರ. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು, ನೋಂದಣಿಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶನಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ದೀಪದಲ್ಲಿ ಯಾವ ಮಾರ್ಪಾಟನ್ನು ಮಾಡುವ ಮೊದಲೂ ತಯಾರಕರ ಕೈಪಿಡಿಯನ್ನು ನೋಡಿ, ಸಾರಿಗೆ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ವಿವೇಕ.

ಒಟ್ಟಿನಲ್ಲಿ ಹೇಳುವುದಾದರೆ, ದಿಕ್ಸೂಚಕ ಮತ್ತು ಬ್ರೇಕ್ ದೀಪಗಳಲ್ಲಿ ಎಲ್.ಇ.ಡಿ.ಯು ಒಳ್ಳೆಯ ಸೇವಕನಾಗಬಲ್ಲುದು. ಬಣ್ಣ, ಕೋನ, ಮಿಣುಕಿನ ವೇಗ, ಮಂದ-ಪ್ರಖರಗಳ ಅಂತರ ಈ ನಾಲ್ಕನ್ನೂ ಪರೀಕ್ಷಿಸಿ ಸ್ವೀಕರಿಸಬೇಕು. ಮುಂದೀಪವನ್ನು ತಯಾರಕರು ಕೊಟ್ಟಂತೆಯೇ ಬಿಡಬೇಕು. ವಾಹನದ ಒಳಗೆ ಕುಳಿತವನಿಗೆ ತನ್ನ ಸಂಜ್ಞಾದೀಪವು ಕಾಣುವುದಿಲ್ಲ. ಅದು ಇರುವುದು ಪರರಿಗಾಗಿ. ಹೊಸ ಬಲ್ಬು ಚೆನ್ನಾಗಿದೆಯೇ ಎಂದು ನಿರ್ಣಯಿಸುವ ಮೊದಲು ವಾಹನದಿಂದ ಇಳಿದು, ಇಪ್ಪತ್ತು ಹೆಜ್ಜೆ ದೂರ ಹೋಗಿ, ರಸ್ತೆ ದಾಟುವವನು ನಿಲ್ಲುವ ಜಾಗದಲ್ಲಿ ನಿಂತು ನೋಡಬೇಕು.